‘ಬೇವಾರಸಿ ಶವ’, ‘ಅನಾಥ ಶವ’: ಗಾಡಿಯ ಮೇಲೆ ಏನಂತ ಬರೆಸೋಣ?

ಪ್ರಶ್ನೆ: ನಾವು ದಾವಣಗೆರೆ ಕಡೆಯ ಏಳೆಂಟು ಗೆಳೆಯರು. ಯಾರೂ ತೆಗೆದುಕೊಂಡು ಹೋಗದೆ ಶವಾಗಾರದಲ್ಲೇ ಉಳಿದ ದೇಹಗಳನ್ನು ಪೊಲೀಸರ ಒಪ್ಪಿಗೆ ಪಡೆದು ಮಣ್ಣು ಮಾಡುತ್ತೇವೆ. ಈಗ ಒಂದು ಹಳೆಯ ಗಾಡಿ ಸಿಕ್ಕಿದೆ. ಅದರ ಮೇಲೆ ‘ಅನಾಥ ಶವ ಸಂಸ್ಕಾರ ಸೇವೆ’ ಅಂತ ಬರೆಸಬೇಕೆಂದಿದ್ದೆವು. ನಮ್ಮಲ್ಲೇ ಒಬ್ಬರು ‘ಅನಾಥ ಅನ್ನೋದು ಸರಿಯಲ್ಲ’ ಅಂದರು. ಒಬ್ಬ ಹಿರಿಯರು ‘ನಮ್ಮ ಕಾಲದಲ್ಲಿ ಬೇವಾರಸಿ ಹೆಣ ಅಂತಲೇ ಹೇಳುತ್ತಿದ್ದೆವು, ಅದರಲ್ಲಿ ಬೈಗುಳ ಏನಿರಲಿಲ್ಲ’ ಅಂದರು. ಈ ಪದಗಳ ನಿಜವಾದ ಅರ್ಥ ಏನು? ಯಾವುದನ್ನು ಬಳಸಬೇಕು?

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ನಿಜ. ಆದರೂ ಗಾಡಿಯ ಮೇಲೆ ಆ ಪದ ಬೇಡ. ‘ಅನಾಥ’ ಬೇಡ ಅಂದ ಗೆಳೆಯರ ಮಾತಿನಲ್ಲೂ ಹುರುಳಿದೆ, ಆದರೆ ಅದು ಕೆಟ್ಟ ಪದ ಅನ್ನುವ ಕಾರಣಕ್ಕಲ್ಲ. ಒಂದೊಂದಾಗಿ ಹೇಳುತ್ತೇನೆ.

ಮೊದಲು ಬೇವಾರಸಿ. ಇದರಲ್ಲಿ ಎರಡು ತುಂಡುಗಳಿವೆ. ‘ಬೇ’ ಅಂದರೆ ಪಾರಸಿಯಲ್ಲಿ ‘ಇಲ್ಲದ’. ಬೇಜವಾಬ್ದಾರಿ, ಬೇನಾಮಿ, ಬೇಷರತ್ತು ಇವುಗಳಲ್ಲೆಲ್ಲ ಇರುವುದು ಇದೇ ‘ಬೇ’. ಇನ್ನೊಂದು ತುಂಡು ‘ವಾರಿಸ್’. ಅರಬ್ಬಿ ಪದ, ಆಸ್ತಿಗೆ ಹಕ್ಕುದಾರ ಅಂತ ಅರ್ಥ. ನಾವು ದಿನಾ ಹೇಳುವ ವಾರಸುದಾರ ಬಂದಿದ್ದು ಅಲ್ಲಿಂದಲೇ. ಹಾಗಾಗಿ ಬೇವಾರಸಿ ಅಂದರೆ ವಾರಸುದಾರ ಇಲ್ಲದ್ದು, ಅಷ್ಟೇ. ಹಿಂದಿಯವರು ಇದೇ ವಾರಿಸ್‌ಗೆ ಅರಬ್ಬಿಯ ‘ಲಾ’ ಸೇರಿಸಿ ಲಾವಾರಿಸ್ ಅನ್ನುತ್ತಾರೆ. ಮರಾಠಿಯವರು ನಮ್ಮ ಹಾಗೇ ‘ಬೇ’ ಸೇರಿಸಿ ಬೇವಾರಸ ಅನ್ನುತ್ತಾರೆ. ಮರಾಠಿ ಪತ್ರಿಕೆಗಳಲ್ಲಿ ಇವತ್ತಿಗೂ ಬೇವಾರಸ ಮೃತದೇಹ, ಬೇವಾರಸ ವಾಹನ ಅಂತ ಸಲೀಸಾಗಿ ಬರೆಯುತ್ತಾರೆ. ಅಲ್ಲಿ ಯಾರಿಗೂ ಅದು ಬೈಗುಳ ಅನ್ನಿಸುವುದಿಲ್ಲ.

ಇದು ಕಚೇರಿಯಿಂದ ಬಂದ ಪದ. ದಫ್ತರ, ಜಮೀನು, ತಹಶೀಲ್ದಾರ ಇವೆಲ್ಲ ಕನ್ನಡಕ್ಕೆ ಬಂದ ದಾರಿಯಲ್ಲೇ ಇದೂ ಬಂತು. ಇದಕ್ಕೊಂದು ಜೊತೆಗಾರ ಪದವಿದೆ, ಪೌತಿ. ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ಮಕ್ಕಳ ಹೆಸರಿಗೆ ಮಾಡಿಸಲು ನಾಡಕಚೇರಿಗೆ ಅಲೆದವರಿಗೆಲ್ಲ ‘ಪೌತಿ ಖಾತೆ’ ಗೊತ್ತು. ಅರಬ್ಬಿಯಲ್ಲಿ ‘ಫೌತ್’ ಅಂದರೆ ಸಾವು. ಖಾತೆದಾರ ಪೌತಿಯಾದ, ವಾರಸುದಾರ ಯಾರು? ಇದು ದಫ್ತರದ ಪ್ರಶ್ನೆ. ಯಾರೂ ಇಲ್ಲ ಅಂದರೆ ಆ ಆಸ್ತಿ ಬೇವಾರಸಿ, ಅದು ಸರ್ಕಾರಕ್ಕೆ ಸೇರುತ್ತದೆ. ನಮ್ಮ ಸಂವಿಧಾನದ 296ನೇ ವಿಧಿ ಹೇಳುವುದೂ ಇದನ್ನೇ. ಹೀಗೆ ಆಸ್ತಿಗೆ ಹುಟ್ಟಿದ ಪದ ಮುಂದೆ ದನಕ್ಕೆ, ಗಾಡಿಗೆ, ಕೊನೆಗೆ ಹೆಣಕ್ಕೂ ಅಂಟಿಕೊಂಡಿತು. ನಿಮ್ಮ ಹಿರಿಯರು ಕೇಳಿದ್ದು ಈ ಬಳಕೆ.

ಬೈಗುಳ ಆಗಿದ್ದು ಹೇಗೆ? ಇಲ್ಲಿ ಅರ್ಥ ತಲೆಕೆಳಗಾಗಿದೆ, ಗಮನಿಸಿ. ವಾರಸುದಾರ ಅಂದರೆ ನಮ್ಮ ನಂತರ ಬರುವವನು. ಕಚೇರಿಯ ಲೆಕ್ಕದಲ್ಲಿ ಬೇವಾರಸಿ ಅಂದರೆ ತನ್ನ ನಂತರ ಯಾರನ್ನೂ ಬಿಡದೆ ಸತ್ತವನ ಆಸ್ತಿ. ಆದರೆ ಬೀದಿಯಲ್ಲಿ ಒಬ್ಬ ಹುಡುಗನಿಗೆ ‘ಬೇವರ್ಸಿ’ ಅಂತ ಬೈದಾಗ ‘ನಿನಗೆ ಮಕ್ಕಳಿಲ್ಲ’ ಅಂತ ಯಾರೂ ಹೇಳುತ್ತಿಲ್ಲ. ‘ನಿನಗೆ ಅಪ್ಪ ಅಮ್ಮ ಇಲ್ಲ, ನಿನ್ನನ್ನು ಹೇಳೋರು ಕೇಳೋರು ಇಲ್ಲ’ ಅನ್ನುತ್ತಿದ್ದಾರೆ. ಮುಂದೆ ಯಾರೂ ಇಲ್ಲ ಅನ್ನುತ್ತಿದ್ದ ಪದ ಹಿಂದೆ ಯಾರೂ ಇಲ್ಲ ಅನ್ನತೊಡಗಿತು. ‘ಯಾರ ಮಗ ನೀನು, ಯಾವ ಊರು’ ಅಂತ ಕೇಳಿಯೇ ಮಾತು ಶುರು ಮಾಡುವ ನಮ್ಮಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನಿದೆ? ಉಚ್ಚಾರಣೆಯೂ ಬೇರೆಯಾಯಿತು. ಕಾಗದದ ಮೇಲೆ ಬೇವಾರಸಿ, ಬಾಯಲ್ಲಿ ಬೇವರ್ಸಿ ಅಥವಾ ಬೇವಾರ್ಸಿ. ಬೈಗುಳದ ಬಿಸಿ ಹತ್ತಿದ ಮೇಲೆ ಮೂಲ ಪದವನ್ನೂ ಯಾರೂ ತಣ್ಣಗೆ ಓದುವುದಿಲ್ಲ. ನಿಘಂಟಿನಲ್ಲಿ ಏನೇ ಇರಲಿ, ಓದುವವರ ಕಿವಿಗೆ ಬೀಳುವುದು ಬೈಗುಳವೇ. ಅದಕ್ಕೇ ಗಾಡಿಗೆ ಅದು ಬೇಡ ಅಂದಿದ್ದು.

ಇನ್ನು ಅನಾಥ. ಇದರ ವಿಷಯ ಬೇರೆಯೇ. ನಾಥ ಅಂದರೆ ಒಡೆಯ ಮಾತ್ರವಲ್ಲ, ಕಾಯುವವನು, ಆಸರೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ‘ದಿಕ್ಕು’. ಅನಾಥ ಅಂದರೆ ದಿಕ್ಕಿಲ್ಲದವನು. ನಾವೀಗ ತಂದೆ ತಾಯಿ ಇಲ್ಲದ ಮಕ್ಕಳಿಗೆ ಮಾತ್ರ ಇದನ್ನು ಜಾಸ್ತಿ ಬಳಸುತ್ತೇವೆ. ಆದರೆ ಯಾರೂ ದಹನ ಮಾಡದ ದೇಹಕ್ಕೆ ಈ ಪದ ಬಳಸಿದ್ದು ಇವತ್ತು ನಿನ್ನೆಯ ಪತ್ರಿಕೆಯವರಲ್ಲ.

ಮಹಾಭಾರತದ ಸ್ತ್ರೀಪರ್ವಕ್ಕೆ ಬನ್ನಿ. ಯುದ್ಧ ಮುಗಿದಿದೆ. ಕುರುಕ್ಷೇತ್ರದ ತುಂಬ ಹೆಣಗಳು. ಹೆಂಗಸರು ತಮ್ಮವರನ್ನು ಹುಡುಕುತ್ತಿದ್ದಾರೆ. ಆಗ ಧೃತರಾಷ್ಟ್ರ ಒಂದು ಪ್ರಶ್ನೆ ಕೇಳುತ್ತಾನೆ. ಇಲ್ಲಿ ನಾಥರಿರುವವರೂ ಸತ್ತಿದ್ದಾರೆ, ನಾಥರಿಲ್ಲದವರೂ ಸತ್ತಿದ್ದಾರೆ, ಅವರೆಲ್ಲರ ದೇಹಗಳಿಗೂ ವಿಧಿಪೂರ್ವಕ ದಹನ ಆಗುತ್ತದೆಯೇ? ಅದಕ್ಕೆ ಧರ್ಮರಾಯ ವಿದುರ, ಸಂಜಯ, ಧೌಮ್ಯ, ಯುಯುತ್ಸು ಮೊದಲಾದವರನ್ನು ಕರೆದು, ಯಾವ ದೇಹವೂ ಅನಾಥನದರಂತೆ ಹಾಳಾಗಬಾರದು, ಎಲ್ಲರ ಪ್ರೇತಕಾರ್ಯವನ್ನೂ ಮಾಡಿಸಿ ಎಂದು ಹೇಳುತ್ತಾನೆ. ಶ್ಲೋಕದಲ್ಲಿರುವ ಪದವೇ ‘ಅನಾಥವತ್’. ಗಂಧ, ಅಗರು, ತುಪ್ಪ, ಎಣ್ಣೆ, ಬಟ್ಟೆ ತರಿಸುತ್ತಾರೆ. ದೊಡ್ಡ ದೊಡ್ಡ ರಾಜರ ಚಿತೆಗಳು ಮೊದಲು ಉರಿಯುತ್ತವೆ. ಆಮೇಲೆ ಬೇರೆ ಬೇರೆ ದೇಶಗಳಿಂದ ಬಂದು ಸತ್ತ, ತಮ್ಮವರು ಅಂತ ಅಲ್ಲಿ ಯಾರೂ ಇಲ್ಲದ ಸಾವಿರಾರು ಜನರನ್ನು ಒಟ್ಟುಗೂಡಿಸಿ, ಎಣ್ಣೆ ಸುರಿದ ಕಟ್ಟಿಗೆಯಲ್ಲಿ ವಿದುರ ದಹನ ಮಾಡಿಸುತ್ತಾನೆ.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ‘ವತ್’ ಅನ್ನುವ ಪುಟ್ಟ ಪ್ರತ್ಯಯ. ಅನಾಥನ ದೇಹ ಅಂತ ಧರ್ಮರಾಯ ಹೇಳಲಿಲ್ಲ. ಅನಾಥನದರ ‘ಹಾಗೆ’ ಹಾಳಾಗಬಾರದು ಅಂದ. ಅಂದರೆ ಅನಾಥ ಅನ್ನುವುದು ಸತ್ತವನ ಗುಣ ಅಲ್ಲ, ನಾವು ಏನೂ ಮಾಡದೆ ಇದ್ದಾಗ ಅವನಿಗೆ ಆಗುವ ಸ್ಥಿತಿ. ಇದೇ ಪರ್ವದಲ್ಲಿ ಸ್ವಲ್ಪ ಮುಂದೆ ಹೋದರೆ ಗಂಗೆಯ ದಡದಲ್ಲಿ ಕುಂತಿ ಬಾಯಿ ಬಿಡುತ್ತಾಳೆ. ಕರ್ಣ ನಿಮ್ಮ ಅಣ್ಣ, ಅವನಿಗೂ ತರ್ಪಣ ಕೊಡಿ ಅನ್ನುತ್ತಾಳೆ. ಅಷ್ಟು ಹೊತ್ತಿನವರೆಗೆ ಅವನಿಗೆ ಐದು ಜನ ತಮ್ಮಂದಿರು ಇದ್ದಾರೆ ಅಂತ ಆ ತಮ್ಮಂದಿರಿಗೇ ಗೊತ್ತಿರಲಿಲ್ಲ.

ಈ ಮಾತು ಬಂದಿದ್ದರಿಂದ ನನ್ನದೇ ಒಂದು ಅನುಭವ ಹೇಳಬೇಕು. ನಾನು ತುಂಬ ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನು. ಪೊಲೀಸ್ ಠಾಣೆಗಳಿಂದ ಬರುವ ಪ್ರಕಟಣೆಗಳನ್ನು ತಿದ್ದಿ ಒಳಪುಟಕ್ಕೆ ಹಾಕುವುದು ಹೊಸಬರ ಕೆಲಸ. ಆ ಭಾಷೆ ನಿಮಗೂ ಗೊತ್ತಿರುತ್ತದೆ. ‘ಸುಮಾರು 35 ವರ್ಷದ ಗಂಡಸು, ಎತ್ತರ 5.5 ಅಡಿ, ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಸಾಧಾರಣ ಮೈಕಟ್ಟು, ಬಲಗೈ ಮೇಲೆ ಹಚ್ಚೆ ಇರುತ್ತದೆ. ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಲು ಕೋರಿದೆ.’ ಒಂದು ದಿನ ಇಂಥದೇ ಪ್ರಕಟಣೆಗೆ ನಾನು ‘ಅನಾಥ ಶವ ಪತ್ತೆ’ ಅಂತ ತಲೆಬರಹ ಕೊಟ್ಟೆ. ಒಂದು ಕಾಲಮ್ಮಿಗೆ ಸರಿಯಾಗಿ ಕೂತಿತು, ಅದಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಮೂರು ದಿನಗಳ ನಂತರ ಒಬ್ಬ ವಯಸ್ಸಾದವರು ಕಚೇರಿಗೆ ಬಂದರು. ನಾಲ್ಕಾಗಿ ಮಡಚಿದ ಪತ್ರಿಕೆಯ ತುಂಡು ಕೈಯಲ್ಲಿತ್ತು. ಹಚ್ಚೆ ನೋಡಿ ಮಗನನ್ನು ಗುರುತು ಹಿಡಿದಿದ್ದರು, ಮಣ್ಣು ಮಾಡಿ ಆಗಿತ್ತು. ನಮ್ಮ ಜೊತೆ ಜಗಳಕ್ಕೆ ಬಂದಿರಲಿಲ್ಲ. ತಲೆಬರಹದ ಮೇಲೆ ಬೆರಳಿಟ್ಟು ‘ನಾನು ಇದೀನಲ್ಲ ಸ್ವಾಮಿ, ಇವನು ಅನಾಥ ಹೆಂಗಾದ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆವತ್ತಿನಿಂದ ನಾನು ಒಂದು ನಿಯಮ ಇಟ್ಟುಕೊಂಡೆ. ದೇಹ ಸಿಕ್ಕ ದಿನ ನಮಗೆ ಗೊತ್ತಿರುವುದು ಒಂದೇ, ಅದು ಯಾರದು ಅಂತ ಗೊತ್ತಿಲ್ಲ ಅನ್ನುವುದು. ಗುರುತು ಸಿಗದಿರುವುದು ಬೇರೆ, ಯಾರೂ ಇಲ್ಲದಿರುವುದು ಬೇರೆ. ರೈಲಿನಲ್ಲಿ ಬಂದು ಎಲ್ಲೋ ಬಿದ್ದು ಸತ್ತವನಿಗೆ ಊರಲ್ಲಿ ತುಂಬಿದ ಮನೆ ಇರಬಹುದು, ಅವನ ತಾಯಿ ಇನ್ಯಾವುದೋ ಠಾಣೆಯಲ್ಲಿ ಕಾಣೆಯಾದ ದೂರು ಕೊಟ್ಟು ಕೂತಿರಬಹುದು. ಅವನು ಅಪರಿಚಿತ, ಅನಾಥ ಅಲ್ಲ. ಇದರ ಉಲ್ಟಾ ಕೂಡ ಉಂಟು. ಹೆಸರು, ಊರು, ಆಧಾರ್ ಕಾರ್ಡು ಎಲ್ಲ ಸಿಕ್ಕಿ, ಮನೆಯವರಿಗೆ ಫೋನೂ ಹೋಗಿ, ‘ನಮಗೆ ಬೇಡ, ನೀವೇ ಮಾಡಿಬಿಡಿ’ ಅಂತ ಉತ್ತರ ಬರುತ್ತದೆ. ಅವನು ಅಪರಿಚಿತ ಅಲ್ಲ, ಆದರೆ ದಿಕ್ಕಿಲ್ಲದವನು. ಈ ಕೆಲಸ ಮಾಡುವ ನಿಮಗೆ ಎರಡೂ ಎದುರಾಗಿರುತ್ತವೆ. ಪತ್ರಿಕೆಗಳಲ್ಲಿ ಮಾತ್ರ ಎರಡಕ್ಕೂ ಒಂದೇ ‘ಅನಾಥ ಶವ’.

2020ರಲ್ಲಿ ಪದ್ಮಶ್ರೀ ಘೋಷಣೆಯಾದ ಫೈಜಾಬಾದಿನ ಮೊಹಮ್ಮದ್ ಷರೀಫ್ ಅವರ ಕಥೆಯೂ ಇಲ್ಲಿಂದಲೇ ಶುರುವಾಗುತ್ತದೆ. ಅವರದು ಸೈಕಲ್ ರಿಪೇರಿ ಕೆಲಸ. 1990ರ ದಶಕದ ಆರಂಭದಲ್ಲಿ ಅವರ ಮಗ ಸುಲ್ತಾನ್‌ಪುರಕ್ಕೆ ಹೋಗಿದ್ದಾಗ ಕೊಲೆಯಾದ. ತಂದೆಗೆ ಗೊತ್ತಾಗುವಷ್ಟರಲ್ಲಿ ದೇಹವನ್ನು ಲಾವಾರಿಸ್ ಅಂತ ವಿಲೇವಾರಿ ಮಾಡಿ ಆಗಿತ್ತು. ಆಮೇಲೆ ಅವರು ಯಾರೂ ಕೇಳದ ದೇಹಗಳನ್ನು, ಹಿಂದೂಗಳದಾದರೆ ಸುಟ್ಟು, ಮುಸ್ಲಿಮರದಾದರೆ ಹೂತು, ದಶಕಗಟ್ಟಲೆ ಸಂಸ್ಕಾರ ಮಾಡಿದರು. ಲಾವಾರಿಸ್ ಅನ್ನಿಸಿಕೊಂಡ ಹುಡುಗನ ವಾರಸುದಾರ ಬದುಕೇ ಇದ್ದರು ನೋಡಿ.

ಕಾನೂನಿನ ಭಾಷೆ ಈ ವಿಷಯದಲ್ಲಿ ನಮ್ಮ ತಲೆಬರಹಗಳಿಗಿಂತ ಎಚ್ಚರವಾಗಿದೆ. ಅನುಮಾನಾಸ್ಪದ ಸಾವಿನ ಪಂಚನಾಮೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಸೆಕ್ಷನ್ ಪ್ರಕಾರ ಆಗುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ ಪ್ರಕಾರ ಆಗುತ್ತಿದೆ. ಅಲ್ಲಿ ಬರೆಯುವುದು ಗಾಯ, ಗುರುತು, ಸಾವಿನ ಕಾರಣವೇ ಹೊರತು ಅನಾಥನೋ ಅಲ್ಲವೋ ಅಂತಲ್ಲ. ವೈದ್ಯಕೀಯ ಕಾಲೇಜುಗಳಿಗೆ ದೇಹ ಕೊಡುವ ವಿಷಯದ 1957ರ ಕರ್ನಾಟಕ ಅಂಗರಚನಾ ಕಾಯ್ದೆ ನೋಡುವುದೂ ನಿಗದಿತ ಅವಧಿಯಲ್ಲಿ ಹತ್ತಿರದ ಸಂಬಂಧಿಗಳು ದೇಹ ಕೇಳಲು ಬಂದರೋ ಇಲ್ಲವೋ ಅನ್ನುವುದನ್ನು. ಸುಪ್ರೀಂ ಕೋರ್ಟ್ 2002ರಲ್ಲಿ ಆಶ್ರಯ ಅಧಿಕಾರ ಅಭಿಯಾನ ಅನ್ನುವ ಸಂಸ್ಥೆಯ ಪ್ರಕರಣದಲ್ಲಿ, ಸೂರಿಲ್ಲದೆ ಬೀದಿಯಲ್ಲಿ ಸತ್ತವರಿಗೂ ಅವರವರ ಧರ್ಮದ ಪ್ರಕಾರ ಗೌರವದ ಸಂಸ್ಕಾರ ಆಗಬೇಕು ಅಂದಿತು. ಗುರುತು ಸಿಗದ ದೇಹವನ್ನು ಸಾಮಾನ್ಯವಾಗಿ ಸುಡದೆ ಹೂಳುವುದಕ್ಕೂ ಇದೇ ಎಚ್ಚರ ಕಾರಣ. ನಾಳೆ ಯಾರಾದರೂ ಬಂದರೆ ಹೊರತೆಗೆದು ಡಿಎನ್ಎ ಪರೀಕ್ಷೆ ಮಾಡಬಹುದಲ್ವಾ.

ಈಗ ಕನ್ನಡಕ್ಕೇ ಬರೋಣ. ನಮ್ಮ ಭಾಷೆಯಲ್ಲಿ ಒಂದು ಅನುಕೂಲ ಇದೆ. ‘ವಾರಸುದಾರರಿಲ್ಲದ’ ಅಂದರೆ ಅಂಥವರು ಈ ಭೂಮಿಯ ಮೇಲೇ ಇಲ್ಲ ಅಂದ ಹಾಗೆ. ಅದೇ ‘ವಾರಸುದಾರರು ಬಾರದ’ ಅಂದರೆ ಇನ್ನೂ ಬಂದಿಲ್ಲ, ಬರಬಹುದು ಅಂತ. ‘ಇಲ್ಲದ’ ತೆಗೆದು ‘ಬಾರದ’ ಹಾಕಿದರೆ ಸಾಕು, ಬಾಗಿಲು ತೆರೆದಿರುತ್ತದೆ. ನಾನು ಡೆಸ್ಕಿನಲ್ಲಿ ಇದ್ದಷ್ಟು ದಿನವೂ ಹೊಸಬರಿಗೆ ಇದನ್ನೇ ಹೇಳುತ್ತಿದ್ದೆ. ಮೊದಲ ದಿನಗಳಲ್ಲಿ ‘ಗುರುತು ಸಿಗದ ವ್ಯಕ್ತಿಯ ಮೃತದೇಹ’ ಅಂತ ಬರೆಯಿರಿ. ಕಾಯುವ ಅವಧಿ ಮುಗಿದ ಮೇಲೆ ‘ವಾರಸುದಾರರು ಬಾರದ ಮೃತದೇಹ’. ಅನಾಥ ಅಂತ ಬರೆಯಬೇಕಾದರೆ ಅವರಿಗೆ ನಿಜವಾಗಿ ಯಾರೂ ಇರಲಿಲ್ಲ ಅಂತ ನಮಗೆ ತಿಳಿದಿರಬೇಕು.

ದೇಹ ಅಂತ ಬರೆಯಬೇಕೋ ಶವ ಅಂತಲೋ ಅನ್ನುವ ಅನುಮಾನ ನಿಮಗೂ ಬರಬಹುದು. ಹೆಣ ನಮ್ಮದೇ ಪದ, ಹಳಗನ್ನಡದ ಪೆಣ. ತಮಿಳು, ಮಲಯಾಳಗಳಲ್ಲಿ ಪಿಣಂ. ಹಳ್ಳಿಯಲ್ಲಿ ‘ಹೆಣ ಇನ್ನೂ ಎತ್ತಿಲ್ಲ’ ಅಂದರೆ ಅದರಲ್ಲಿ ಅಗೌರವ ಏನೂ ಇಲ್ಲ. ಆದರೆ ‘ನಿನ್ ಹೆಣ ಎತ್ತ’ ಅನ್ನುವ ಶಾಪದಿಂದಾಗಿ ಬರಹದಲ್ಲಿ ಒರಟು ಅನ್ನಿಸುತ್ತದೆ. ಪತ್ರಿಕೆಗಳು ದೊಡ್ಡವರು ಸತ್ತರೆ ಪಾರ್ಥಿವ ಶರೀರ ಅನ್ನುತ್ತವೆ, ಬಸ್ ನಿಲ್ದಾಣದಲ್ಲಿ ಸತ್ತವರಿಗೆ ಶವ ಅನ್ನುತ್ತವೆ. ಪಾರ್ಥಿವ ಅಂದರೆ ಪೃಥ್ವಿಯದು, ಮಣ್ಣಿನದು. ಮಣ್ಣಿನದಲ್ಲದ ಶರೀರ ಯಾರಿಗಿದೆ? ಈ ಭೇದ ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ನೀವು ಮೃತದೇಹ ಅಂತ ಬಳಸಿ, ಎಲ್ಲರಿಗೂ ಒಂದೇ.

ಪ್ರೇತ ಅನ್ನುವ ಪದವನ್ನೂ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ‘ಅನಾಥಪ್ರೇತ ಸಂಸ್ಕಾರ’ ಅನ್ನುವ ಹೆಸರನ್ನು ಕೆಲವರು ಸೂಚಿಸಬಹುದು. ಸಂಪ್ರದಾಯದಲ್ಲಿ ಅದಕ್ಕೆ ದೊಡ್ಡ ಬೆಲೆ ಇದೆ, ಅಶ್ವಮೇಧದ ಫಲ ಅದಕ್ಕಿದೆ ಅನ್ನುವ ಮಾತು ಪುರೋಹಿತರ ಬಾಯಲ್ಲಿ ಕೇಳಿರುತ್ತೀರಿ. ಅಲ್ಲಿ ಪ್ರೇತ ಅಂದರೆ ದೆವ್ವ ಅಲ್ಲ. ‘ಪ್ರ ಇತ’, ಮುಂದಕ್ಕೆ ಹೋದವನು ಅಂತ. ಸತ್ತ ಗಳಿಗೆಯಿಂದ ಸಪಿಂಡೀಕರಣ ಆಗಿ ಪಿತೃಗಳ ಸಾಲಿಗೆ ಸೇರುವವರೆಗೆ ಎಲ್ಲರೂ ಪ್ರೇತರೇ. ಸಂಸ್ಕಾರ ಆಗದೆ ಉಳಿದವರು ಅಲ್ಲೇ ನಡುದಾರಿಯಲ್ಲಿ ಉಳಿದರು ಅನ್ನುವ ನಂಬಿಕೆಯಿಂದ ದೆವ್ವದ ಅರ್ಥ ಬೆಳೆದುಕೊಂಡಿತು. ಇವತ್ತು ಗಾಡಿಯ ಮೇಲೆ ಪ್ರೇತ ಅಂತ ಬರೆಸಿದರೆ ಮಕ್ಕಳು ಹೆದರಿ ದೂರ ಓಡುತ್ತಾರೆ. ಬೇಡ.

ಬೇರೆಯವರು ಇಂಥ ದೇಹವನ್ನು ಏನಂತ ಕರೆಯುತ್ತಾರೆ ಅಂತ ಹುಡುಕುವಾಗ ನನಗೆ ತುಂಬ ಹಿಡಿಸಿದ್ದು ಯಹೂದಿಗಳ ಒಂದು ಪದ, ‘ಮೇತ್ ಮಿತ್ಸ್‌ವಾ’. ಮೇತ್ ಅಂದರೆ ಸತ್ತವನು. ಮಿತ್ಸ್‌ವಾ ಅಂದರೆ ದೇವರು ವಿಧಿಸಿದ ಕರ್ತವ್ಯ. ಹೂಳಲು ಯಾರೂ ಇಲ್ಲದೆ ದಾರಿಯಲ್ಲಿ ಬಿದ್ದಿರುವ ಹೆಣಕ್ಕೆ ಅವರ ಧರ್ಮಶಾಸ್ತ್ರದಲ್ಲಿ ಈ ಹೆಸರು. ಹಿಂದೆ ಅವರ ದೇವಾಲಯದ ಮುಖ್ಯಸ್ಥನಾಗಿದ್ದ ಮಹಾಯಾಜಕ ತನ್ನ ತಂದೆ ತಾಯಿ ಸತ್ತರೂ ಹೆಣ ಮುಟ್ಟುವಂತಿರಲಿಲ್ಲ, ಮೈಲಿಗೆ. ಆದರೆ ಮೇತ್ ಮಿತ್ಸ್‌ವಾ ಕಂಡರೆ ಅವನೂ ನಿಂತು ಹೂಳಲೇಬೇಕಿತ್ತು. ಯಾವುದು ಅಂಥ ಹೆಣ ಅಂತ ಗುರುತಿಸಲು ಅವರು ಇಟ್ಟಿರುವ ಪರೀಕ್ಷೆ ನೋಡಿ. ಅಲ್ಲಿ ನಿಂತು ಕೂಗಬೇಕು. ಕೂಗಿಗೆ ಬೇರೆಯವರು ಓಗೊಟ್ಟರೆ ಅದು ಮೇತ್ ಮಿತ್ಸ್‌ವಾ ಅಲ್ಲ. ಯಾರೂ ಓಗೊಡದಿದ್ದರೆ ಆ ಹೆಣ ನಿನ್ನದು. ಮುಸ್ಲಿಮರಲ್ಲಿ ಇದು ‘ಫರ್ಜ್ ಎ ಕಿಫಾಯಾ’. ಸತ್ತವರನ್ನು ತೊಳೆದು, ಕಫನ್ ಹೊದಿಸಿ, ನಮಾಜು ಮಾಡಿ, ದಫನ್ ಮಾಡುವುದು ಇಡೀ ಜಮಾತಿನ ಹೊಣೆ. ಕೆಲವರು ಮಾಡಿದರೆ ಎಲ್ಲರ ಹೊಣೆ ತೀರಿತು, ಯಾರೂ ಮಾಡದಿದ್ದರೆ ಪಾಪ ಎಲ್ಲರ ಮೇಲೆ. ಬೇವಾರಸಿ, ಅನಾಥ, ಅಪರಿಚಿತ ಈ ಮೂರೂ ಸತ್ತವರಿಗೆ ಏನಿಲ್ಲ ಅಂತ ಹೇಳುತ್ತವೆ. ಈ ಎರಡು ಪದಗಳು ಬದುಕಿರುವವರು ಏನು ಮಾಡಬೇಕು ಅಂತ ಹೇಳುತ್ತವೆ.

ಕನ್ನಡದಲ್ಲಿ ಅಂಥ ಮಾತು ಇಲ್ಲವಾ? ಇದೆ, ಅದು ನಿಮ್ಮ ಪತ್ರದಲ್ಲೇ ಇದೆ. ‘ಮಣ್ಣು ಮಾಡುತ್ತೇವೆ’ ಅಂತ ಬರೆದಿದ್ದೀರಿ. ಊರಲ್ಲಿ ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಿದ್ದೆ’ ಅನ್ನುತ್ತೇವೆ. ಸಂಬಂಧ ಇರಲಿ ಬಿಡಲಿ, ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುತ್ತೇವೆ. ‘ಹಿಡಿ ಮಣ್ಣು ಹಾಕೋಕೂ ಯಾರೂ ಇಲ್ಲದಂಗೆ ಹೋದ’ ಅನ್ನುವುದು ನಮ್ಮಲ್ಲಿ ದೊಡ್ಡ ನೋವಿನ ಮಾತು. ಹೆಗಲು ಕೊಡುವುದು ಕೂಡ ಅಂಥದೇ, ನಾಲ್ಕು ಜನ ಬೇಕು, ಅವರು ಯಾರಾದರೂ ಆಗಬಹುದು. ಇವು ವಂಶವೃಕ್ಷ ಕೇಳುವ ಪದಗಳಲ್ಲ.

ಹಾಗಾಗಿ ನನ್ನ ಸಲಹೆ ಇದು. ಗಾಡಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಹಿಡಿ ಮಣ್ಣು’ ಅಂತ ಬರೆಸಿ. ಕೆಳಗೆ ಸಣ್ಣದಾಗಿ ‘ವಾರಸುದಾರರು ಬಾರದ ಮೃತದೇಹಗಳ ಅಂತ್ಯಸಂಸ್ಕಾರ’. ಸುಡುವ ಸಂದರ್ಭವೂ ಇದ್ದರೆ ‘ಹೆಗಲು’ ಅಂತ ಇಡಬಹುದು, ಅದು ಎರಡಕ್ಕೂ ಹೊಂದುತ್ತದೆ. ಹಳೆಯ ಹೆಸರೇ ಬೇಕು ಅಂತ ಎಲ್ಲರೂ ಒಪ್ಪಿದರೆ ‘ಅನಾಥ’ ಇಟ್ಟುಕೊಂಡರೂ ಅದು ತಪ್ಪು ಕನ್ನಡ ಅಲ್ಲ.

ಗಾಡಿಗಿಂತ ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ರಿಜಿಸ್ಟರಿನ ಬಗ್ಗೆ. ಹೆಸರಿನ ಕಲಂನಲ್ಲಿ ದಯವಿಟ್ಟು ‘ಅನಾಥ’ ಅಂತ ಬರೆಯಬೇಡಿ, ‘ಬೇವಾರಸಿ’ ಅಂತಂತೂ ಬೇಡವೇ ಬೇಡ. ‘ಹೆಸರು ತಿಳಿದಿಲ್ಲ’ ಅಂತ ಬರೆದು ಪಕ್ಕದಲ್ಲಿ ಜಾಗ ಖಾಲಿ ಬಿಡಿ. ಠಾಣೆ, ದಿನಾಂಕ, ಹೂತ ಜಾಗ, ಗುಂಡಿಯ ನಂಬರು, ಮೈಮೇಲಿದ್ದ ಬಟ್ಟೆ, ಹಚ್ಚೆ ಇದ್ದರೆ ಅದರಲ್ಲಿರುವ ಅಕ್ಷರ ಇದ್ದ ಹಾಗೇ ಬರೆದಿಡಿ. ನನ್ನ ಹತ್ತಿರ ಬಂದ ಆ ತಂದೆಗೆ ಮಗ ಸಿಕ್ಕಿದ್ದು ಹಚ್ಚೆಯ ಒಂದು ಸಾಲಿನಿಂದ.